ನಿಮಗಿದು ಗೊತ್ತೇ? ಐದೇ ಅಕ್ಷರ ಕಲಿತರೆ ಗದಗಿನ ಬಸ್ಸು ಸಿಗುತ್ತದೆ!

ದೇಗಾಂವದ ಕಮಲನಾರಾಯಣ ಗುಡಿ ನೋಡಿದ್ದೀರಲ್ಲ? 12ನೇ ಶತಮಾನದ್ದು. ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ, ಕಟ್ಟಿದವನು ಶಿಲ್ಪಿ ತಿಪ್ಪೋಜ. ಆ ಹೆಸರಿನ ಬಾಲ ಸ್ವಲ್ಪ ಹಿಡಿಯಿರಿ: 'ಓಜ'! ಹಳಗನ್ನಡದಲ್ಲಿ ಓಜ ಅಂದರೆ ಗುರು. 'ಉಪಾಧ್ಯಾಯ' ಎಂಬ ಉದ್ದನೆಯ ಪದವೇ ಬಾಯಿಂದ ಬಾಯಿಗೆ ಸವೆದು ಇಷ್ಟೇ ಉಳಿದಿದೆ. ಕಲ್ಲು ಕೆತ್ತುವವನೂ ಓಜ, ಅಕ್ಷರ ತಿದ್ದಿಸುವವನೂ ಓಜ!

ಬೈಲಹೊಂಗಲ ತಾಲೂಕಿನ ಒಕ್ಕುಂದ ಸಣ್ಣ ಊರು ಅಂದುಕೊಂಡಿರಾ? 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರು ಹೇಳುತ್ತದೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ನಾಲ್ಕನೆಯದು ನಮ್ಮ ಒಕ್ಕುಂದ!

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಈ ನಾಡಿನವರು ಗುರಿಯಿಟ್ಟು ಓದದಿದ್ದರೂ ಕಾವ್ಯದಲ್ಲಿ ಪಳಗಿದವರಂತೆ! ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಇದನ್ನು ಮಕ್ಕಳ ಕಿವಿಗೆ ಹಾಕಬೇಡಿ.

ಮೇಷ್ಟ್ರೇ ಇಲ್ಲದ ಸಾಲಿ ಕಂಡಿದ್ದೀರಾ? 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ಡೆಲ್ಲಾ ವಾಲೆ ಕಂಡಿದ್ದ. ಹೊನ್ನಾವರದ ಕಡೆಯಿಂದ ಇಕ್ಕೇರಿಗೆ ಹೊರಟವನಿಗೆ ದಾರಿಯಲ್ಲಿ ಒಂದು ಗುಡಿ ಸಿಕ್ಕಿತು. ಒಳಗೆ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿ ಕೂತಿದ್ದರು. ಒಬ್ಬ ಪಾಠವನ್ನು ರಾಗವಾಗಿ ಹಾಡುವುದು, ಹಾಡುತ್ತಲೇ ಬೆರಳಿನಿಂದ ಬರೆಯುವುದು, ಉಳಿದ ಮೂವರು ಹಾಗೆಯೇ ಹಾಡಿ ಬರೆಯುವುದು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವುದು. ಪಾಟಿಯೂ ಬೇಡ, ಕಾಗದವೂ ಬೇಡ! "ಮರೆತರೆ ತಿದ್ದುವವರು ಯಾರು?" ಅಂತ ಆತ ಕೇಳಿದ. ನಾಲ್ವರೂ ಒಟ್ಟಿಗೇ ಮರೆಯಲು ಸಾಧ್ಯವೇ ಅಂದರು ಹುಡುಗರು! ಅವರು ಕಲಿಯುತ್ತಿದ್ದದ್ದು ಲೆಕ್ಕ. ನಾನಂತೂ ಈ ಉತ್ತರಕ್ಕೆ ನೂರಕ್ಕೆ ನೂರು ಕೊಟ್ಟೆ.

ತಹಶೀಲ್ದಾರ ಕಚೇರಿಯಲ್ಲಿ 'ಕಡತ ಇನ್ನೂ ಬಂದಿಲ್ಲ' ಎಂದು ಕೇಳಿ ಕೇಳಿ ಸುಸ್ತಾಗಿದ್ದೀರಾ? ಆ ಕಡತ ಒಂದು ಕಾಲಕ್ಕೆ ಮಕ್ಕಳ ಕೈಯಲ್ಲಿತ್ತು! ಬಟ್ಟೆಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲು ಕಲಸಿ ಬಳಿಯುವುದು. ಒಣಗಿದರೆ ಕಪ್ಪು ಹಲಗೆಯಂಥ ಬಟ್ಟೆ ತಯಾರು. ಬಳಪದಲ್ಲಿ ಬರೆ, ಒರೆಸು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಓಡು. ಕೈಜಾರಿ ಬಿದ್ದರೂ ಒಡೆಯದ ಪಾಟಿ!

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಸಾಲಿಗಳನ್ನು ಎಣಿಸಿದ. ಒಟ್ಟು 533. ಅದರಲ್ಲಿ ಕನ್ನಡದವು 235, ಇಂಗ್ಲಿಷಿನದು ಎಷ್ಟು ಗೊತ್ತೇ? ಬರೀ 1!

ಇನ್ನು ನಿಮ್ಮ ಮನೆಯ ಪುಟ್ಟನ ಪಾಡು ಕೇಳಿ. ಅಂಕಲಿಪಿಯಲ್ಲಿ 49 ಅಕ್ಷರ. ಅಷ್ಟಕ್ಕೇ ಮುಗಿಯಿತೇ? 34 ವ್ಯಂಜನಕ್ಕೆ ಒಂದೊಂದಕ್ಕೂ 15 ಕಾಗುಣಿತ. ಗುಣಿಸಿ ನೋಡಿ, 510! ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಂಗ್ಲಿಷಿನ ಅಕ್ಷರ 26. ಆದ್ದರಿಂದ ಒಂದನೇ ಇಯತ್ತೆಯಲ್ಲೇ 'ನಮ್ಮ ಹುಡುಗಗ ಓದಾಕ ಬರೂದಿಲ್ಲರೀ' ಅಂತ ಹಣೆ ಚಚ್ಚಿಕೊಳ್ಳಬೇಡಿ. ಕನ್ನಡ ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲೇ ಬರೆದಿದ್ದಾರೆ: ನಮ್ಮ ಅಕ್ಷರಗಳೆಲ್ಲ ಕೈಗೆ ಹತ್ತಲು ವರ್ಷಗಳೇ ಬೇಕು, ನಾಲ್ಕನೇ ಇಯತ್ತೆಯಲ್ಲೂ ಕಲಿಕೆ ನಡೆದೇ ಇರುತ್ತದೆ!

ನಮ್ಮ ಅಕ್ಷರಗಳ ಮೈಮೇಲೆ ಏನೇನಿದೆ ನೋಡಿದ್ದೀರಾ? ತಲೆಗೆ ತಲೆಕಟ್ಟು, ಪಕ್ಕಕ್ಕೆ ಕೊಂಬು, ಕೊನೆಗೊಂದು ಸೊನ್ನೆ. 'ದ' ಹೊಟ್ಟೆ ಸೀಳಿಸಿಕೊಂಡರೆ 'ಧ'. ಪಾಪ, ನೋವಿಗೇ ಇರಬೇಕು ಅಷ್ಟು ಜೋರಾಗಿ ಉಸಿರು ಬಿಡುವುದು!

ಈಗ ನನಗೆ ಅತಿ ಇಷ್ಟವಾದದ್ದು. ಸರಕಾರಿ ಸಾಲಿಯಲ್ಲಿ 'ನಲಿಕಲಿ' ಪದ್ಧತಿಯಿಂದ ಕಲಿಯುವ ಮಕ್ಕಳು ಅ ಆ ಇ ಈ ಅಂತ ಶುರು ಮಾಡುವುದಿಲ್ಲ! ಅವರ ಮೊದಲ ಐದು ಅಕ್ಷರ: ರ, ಗ, ಸ, ದ, ಅ. ಇದೇನು ತಲೆಕೆಳಗಾದ ಸರದಿ ಅಂದಿರಾ? ಐದನ್ನೇ ಕೂಡಿಸುತ್ತ ಹೋಗಿ. ಸರ, ರಸ, ದರ, ಅರಸ, ಅಗಸ, ಗರಗಸ! ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ, ಆದರೂ ಪೂರ್ತಿ ಪದ. ಮಗುವನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಬಸ್ಸಿನ ಬೋರ್ಡು ನೋಡಿ ಒಂದೊಂದೇ ಅಕ್ಷರಕ್ಕೆ ಬೆರಳು ತೋರಿಸುತ್ತ "ಗ... ದ... ಗ" ಅನ್ನುತ್ತದೆ. ಆಮೇಲೆ ತಟ್ಟನೆ ನಿಮ್ಮ ಸೆರಗು ಜಗ್ಗಿ, "ಅವ್ವಾ, ಗದಗ!" ಧಾರವಾಡ ತಾಲೂಕಿನ ಗರಗವೂ ಇದೇ ಐದರೊಳಗೆ ಬರುತ್ತದೆ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು!

ಈ ನಲಿಕಲಿ ಮೊದಲು ಮೊಳೆತದ್ದು ಬೆಂಗಳೂರಿನಲ್ಲಲ್ಲ. 1995ರಲ್ಲಿ, ಕಾಡಂಚಿನ ಹೆಗ್ಗಡದೇವನಕೋಟೆಯಲ್ಲಿ! ಆಂಧ್ರದ ರಿಷಿವ್ಯಾಲಿಯ ಕಲಿಕಾ ಕಾರ್ಡುಗಳನ್ನು ನೋಡಿ ಬಂದ ಮೇಷ್ಟ್ರುಗಳು ಸೇರಿ ಕಟ್ಟಿದ್ದು. ಈ ತರಗತಿಯಲ್ಲಿ ತಲೆಯ ಮೇಲೆ 'ಕಲಿಕಾ ಚಪ್ಪರ' ಇರುತ್ತದೆ. ಮದುವೆಗೆ ಹಾಕಿದ್ದಲ್ಲ, ಮಕ್ಕಳು ಬರೆದದ್ದು ಬಿಡಿಸಿದ್ದನ್ನೆಲ್ಲ ದಾರಕ್ಕೆ ಜೋತುಬಿಟ್ಟದ್ದು!

ನಿಮ್ಮೂರ ಪಂಚಾಯ್ತಿ ಗ್ರಂಥಾಲಯಕ್ಕೆ ಮಗುವನ್ನು ಸೇರಿಸಲು ಎಷ್ಟು ದುಡ್ಡು ಬೇಕು? ಏನೂ ಬೇಡ! 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳ ಸದಸ್ಯತ್ವವನ್ನು ಪುಕ್ಕಟೆ ಮಾಡಿತು.

ಕಡೆಗೊಂದು ತಮಾಷೆ. ದೇಗಾಂವದ ಬೋರ್ಡಿನಲ್ಲಿ ದ, ಗ, ವ ಮೂರೇ ಅಕ್ಷರ. ಏತ್ವ, ಇಳಿ, ಸೊನ್ನೆ ಬಂದರೆ ಸಾಕು, ಒತ್ತಿನ ಕಾಟವಿಲ್ಲ. ಈಗ ರಾಮದುರ್ಗದ ಬೋರ್ಡು ನೋಡಿ. ಬಾಯಲ್ಲಿ 'ರ್' ಮೊದಲು, 'ಗ' ಆಮೇಲೆ. ಬೋರ್ಡಿನಲ್ಲಿ 'ಗ' ಮೊದಲು, ಅರ್ಕಾವತ್ತು ಆಮೇಲೆ! ಅದೂ ಹೇಗಿದೆ? ಥೇಟ್ ಕನ್ನಡದ ಒಂಬತ್ತು, ೯! ಹಾಗಾಗಿ ನಿಮ್ಮ ಮಗು ಗಟ್ಟಿಯಾಗಿ "ರಾಮದುಗ ಒಂಬತ್ತು" ಅಂತ ಓದಿದರೆ ಬೈಯಬೇಡಿ. ಕಣ್ಣಿಗೆ ಕಂಡದ್ದನ್ನೇ ಓದಿದೆ!