ಯೋಧನ ಸಂಬಳ, ಊರಿನ ಗದ್ದೆ, ಎರಡು ರಿಟರ್ನ್ಸ್

ಭಾರತದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿ ಅದನ್ನು ಕೇಂದ್ರಕ್ಕೆ ಕೊಟ್ಟು, ಕೃಷಿ ಆದಾಯವನ್ನಷ್ಟೇ ರಾಜ್ಯಗಳಿಗೆ ಬಿಟ್ಟಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಯೋಧ ಲೇಹ್‌ನಲ್ಲಿರಲಿ, ಜೋಧಪುರದಲ್ಲಿರಲಿ, ಅವನು ಸಲ್ಲಿಸಬೇಕಾದ ರಿಟರ್ನ್ಸ್ ಒಂದೇ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳಿಗೆ ತಮ್ಮದೇ ಆದಾಯ ತೆರಿಗೆ ಇದೆ. ವರ್ಗಾವಣೆಯಾದ ಯೋಧ ಗಂಡನೊಂದಿಗೆ ಹೋದ ಹೆಂಡತಿ ಯಾವ ರಾಜ್ಯಕ್ಕೆ ಕಟ್ಟಬೇಕೆಂಬ ಗೊಂದಲ ಬಿಡಿಸಲು 2009ರಲ್ಲಿ ಅಲ್ಲಿ ಬೇರೆ ಕಾಯ್ದೆಯೇ ಬೇಕಾಯಿತು.

ಕರ್ನಾಟಕ ಸಂಬಳಕ್ಕೆ ಕೈಹಾಕುವುದು 1976ರ ವೃತ್ತಿ ತೆರಿಗೆ ಕಾಯ್ದೆಯ ಮೂಲಕ. ಸೇನೆ, ನೌಕಾಪಡೆ, ವಾಯುಪಡೆ ಕಾಯ್ದೆಗಳಿಗೆ ಒಳಪಟ್ಟವರಿಗೆ ಇದರಿಂದ ವಿನಾಯಿತಿ ಇದೆ. ಆ ವಿನಾಯಿತಿ ಮನೆಯವರಿಗೆ ಹರಿದು ಬರುವುದಿಲ್ಲ. ನಂಜನಗೂಡಿನ ಶಾಲೆಯಲ್ಲೋ ಕಾರ್ಖಾನೆಯಲ್ಲೋ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವ ಯೋಧನ ಪತ್ನಿಗೆ ತಿಂಗಳಿಗೆ 200 ರೂಪಾಯಿ ಕಡಿತವಾಗುತ್ತದೆ. 2025ರ ತಿದ್ದುಪಡಿಯಿಂದ ಫೆಬ್ರುವರಿಯ ಕಂತು 300. ವರ್ಷಕ್ಕೆ ಒಟ್ಟು 2,500, ಸಂವಿಧಾನ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ.

ಲೆಕ್ಕ ತೊಡಕಾಗುವುದು ಗದ್ದೆಯ ಬದುವಿನ ಮೇಲೆ. ಕಪಿಲೆಗೆ ಅಡ್ಡಲಾಗಿರುವ ಹುಲ್ಲಹಳ್ಳಿ ಅಣೆಕಟ್ಟೆಯ ನಾಲೆ ಈ ಸೀಮೆಯಲ್ಲಿ ಭತ್ತ ಬೆಳೆಸುತ್ತದೆ. ರಾಜ್ಯದ 1957ರ ಕೃಷಿ ಆದಾಯ ತೆರಿಗೆಯ ಕಣ್ಣು ಇರುವುದು ಕಾಫಿಯಂಥ ತೋಟದ ಬೆಳೆಗಳ ಮೇಲೆ, ಭತ್ತ ಅದರ ಬಲೆಗೆ ಬೀಳದು. ಕೇಂದ್ರವೂ ಅದಕ್ಕೆ ನೇರವಾಗಿ ತೆರಿಗೆ ಹಾಕುವುದಿಲ್ಲ. ಹಾಗೆಂದು ರಿಟರ್ನ್ಸ್‌ನಲ್ಲಿ ಅದನ್ನು ಬಿಟ್ಟುಬಿಡುವುದು ತಪ್ಪು. ಉಳಿದ ಆದಾಯ ವಿನಾಯಿತಿ ಮಿತಿ ದಾಟಿದ್ದು, ಕೃಷಿ ಆದಾಯ 5,000 ರೂಪಾಯಿ ಮೀರಿದರೆ, ದರ ಕಟ್ಟುವಾಗ ಎರಡನ್ನೂ ಕೂಡಿಸಬೇಕು. ವಾರಕ್ಕೋ ಗುತ್ತಿಗೆಗೋ ಕೊಟ್ಟ ಗದ್ದೆಯ ಪಾಲೂ ಕೃಷಿ ಆದಾಯವೇ. ಹಳೆಯ ಪದ್ಧತಿಯಲ್ಲಿ ಸಂಬಳದ ತೆರಿಗೆಯೋಗ್ಯ ಮೊತ್ತ 6 ಲಕ್ಷ, ಗದ್ದೆಯದು 1 ಲಕ್ಷ ಎನ್ನೋಣ. 7 ಲಕ್ಷದ ತೆರಿಗೆ 52,500. ಮೂಲ ಮಿತಿಯಾದ 2.5 ಲಕ್ಷಕ್ಕೆ ಗದ್ದೆಯ 1 ಲಕ್ಷ ಸೇರಿಸಿದರೆ ಬರುವ 3.5 ಲಕ್ಷದ ತೆರಿಗೆ 5,000. ಅದನ್ನು ಕಳೆದರೆ ಉಳಿಯುವುದು 47,500. ಗದ್ದೆಯೇ ಇಲ್ಲದಿದ್ದರೆ 32,500 ಆಗುತ್ತಿತ್ತು. ಸೆಸ್ ಬೇರೆ. ಇಂಥವರು ಸರಳವಾದ ‘ಸಹಜ್’ ನಮೂನೆ ಬಳಸುವಂತಿಲ್ಲ, ಐಟಿಆರ್-2 ತುಂಬಬೇಕು. ಜಮೀನು ಇನ್ನೂ ಅಪ್ಪನದೇ ಆಗಿದ್ದು ಬೇಸಾಯವೂ ಅವರದಾಗಿದ್ದರೆ ಈ ತಲೆನೋವಿಲ್ಲ.

ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ಸ್ ಸಲ್ಲಿಸುವ ಪದ್ಧತಿ ಇಲ್ಲಿಲ್ಲ. ಗಂಡ ಊರಿಗೆ ಕಳಿಸುವ ಹಣಕ್ಕೆ ಪತ್ನಿ ತೆರಿಗೆ ಕಟ್ಟಬೇಕಿಲ್ಲ. ಆದರೆ ಆ ಹಣವನ್ನು ಆಕೆ ತನ್ನ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ಆ ಬಡ್ಡಿಯನ್ನೇ ಮತ್ತೆ ಹೂಡಿ ಬಂದದ್ದು ಮಾತ್ರ ಆಕೆಯದು. ತವರಿನಿಂದ ಬಂದ ಜಮೀನು, ಸ್ವಂತ ದುಡಿಮೆ ಆಕೆಯ ಲೆಕ್ಕಕ್ಕೇ. ಪತ್ನಿಯೇ ಸೈನ್ಯದಲ್ಲಿದ್ದರೂ ನಿಯಮ ಇದೇ.

ಗಡಿಯ ಕಷ್ಟಕ್ಕೆ ಕೊಡುವ ಭತ್ಯೆಗಳಿಗೆ 1962ರ ನಿಯಮಗಳು ಒಂದಿಷ್ಟು ವಿನಾಯಿತಿ ಕೊಟ್ಟವು: ಫೀಲ್ಡ್ ಏರಿಯಾ ಭತ್ಯೆಗೆ ತಿಂಗಳಿಗೆ 2,600, ಬಂಡುಕೋರರ ವಿರುದ್ಧದ ಕಾರ್ಯಾಚರಣೆಗೆ 3,900 ರೂಪಾಯಿವರೆಗೆ. ಹಿಮದಲ್ಲಿ ನಿಂತವನಿಗೆ ಈ ಮೊತ್ತ ಜುಜುಬಿ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಆದರೆ 2025-26ಕ್ಕೆ 12 ಲಕ್ಷದವರೆಗಿನ ಸಂಬಳದ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಹೆಚ್ಚಿನ ಜವಾನರಿಗೆ ಅದೇ ಲಾಭ.

ಕಾರ್ಯಾಚರಣೆಯಲ್ಲಿ ಮಡಿದ ಯೋಧನ ಪತ್ನಿಗೆ ಬರುವ ಕುಟುಂಬ ಪಿಂಚಣಿಗೆ ತೆರಿಗೆಯಿಲ್ಲ. ಪರಮವೀರ, ಮಹಾವೀರ, ವೀರ ಚಕ್ರ ಪಡೆದವರ ಪಿಂಚಣಿಗೂ ಇಲ್ಲ. ಸಾಮಾನ್ಯ ಕುಟುಂಬ ಪಿಂಚಣಿಗೆ ಮಾತ್ರ ತೆರಿಗೆ ಇದೆ; ಅದರಲ್ಲಿ ಮೂರನೇ ಒಂದು ಭಾಗ ಅಥವಾ ಹೊಸ ಪದ್ಧತಿಯಲ್ಲಿ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು.

ರಿಟರ್ನ್ಸ್ ಸಲ್ಲಿಸಿದ 30 ದಿನದೊಳಗೆ ದೃಢೀಕರಿಸಬೇಕು. ಆಧಾರ್ ಮೂಲಕ ದೃಢೀಕರಿಸುವುದಾದರೆ ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಮೊಬೈಲು ಸಿಗ್ನಲ್ ಇಲ್ಲದ ಠಾಣೆಯಲ್ಲಿ ಯೋಧನ ಕಿಸೆಯಲ್ಲಿದ್ದರೆ ಹೆಂಡತಿ ಊರಲ್ಲಿ ಕುಳಿತು ಆ ಓಟಿಪಿಯಿಂದ ದೃಢೀಕರಿಸಲಾಗದು. ಆಗ ಇರುವ ಒಂದು ದಾರಿ, ಯೋಧನೇ ಸಹಿ ಹಾಕಿದ ಐಟಿಆರ್-ವಿ ಹಾಳೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದು. ಲಡಾಖಿನಿಂದ ಹೊರಟರೂ ಅದು ಬಂದು ಸೇರುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೇ.