ಗುಣವಾಚಕಕ್ಕೆ ಲಿಂಗವುಂಟೆ?

ಕನ್ನಡದ ಗುಣವಾಚಕಕ್ಕೆ ಲಿಂಗಭೇದವಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಪದ ಒಂದೇ. ಕಾರವಾರದ ಕಡಲತೀರದಲ್ಲಿ ಕಿವಿಗೆ ಬೀಳುವ ಕೊಂಕಣಿ, ಮರಾಠಿಗಳಲ್ಲಾದರೋ ಅದು ಹೆಣ್ಣು ಗಂಡುಗಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಆದರೆ ಕಚೇರಿಯಲ್ಲಿ ಷರಾ ಬರೆಯುವ ಲೇಖನಿಗೆ ಕನ್ನಡದ ಈ ವ್ಯಾಕರಣ ಒಗ್ಗಿದಂತಿಲ್ಲ. ಗಂಡಸು ತನ್ನ ಮಾತನ್ನು ಬಿಡದಿದ್ದರೆ ದೃಢಚಿತ್ತ, ಹೆಂಗಸು ಬಿಡದಿದ್ದರೆ ಹಟಮಾರಿ. ಆತ ಗದರಿದರೆ ಶಿಸ್ತುಗಾರ, ಆಕೆ ಗದರಿದರೆ ಸಿಡುಕಿ.

ಇದು ನಮ್ಮೊಬ್ಬರ ರೋಗವಲ್ಲ. 2014ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಕೀರನ್ ಸ್ನೈಡರ್ ನೌಕರರ ಕೆಲಸದ ಮೇಲಿನ 248 ವರದಿಗಳನ್ನು ಓದಿ ನೋಡಿದರು. ‘ಒರಟು ಸ್ವಭಾವ’ ಎಂಬರ್ಥದ ಪದವೊಂದು 17 ಸಲ ಬಂದಿತ್ತು. ಅಷ್ಟೂ ಸಲ ಹೆಂಗಸರ ಮೇಲೆಯೇ!

ಇಂಥ ಪದಗಳಿಗೆ ಬೆಲೆ ತೆತ್ತವರು ನಮ್ಮಲ್ಲಿಯೂ ಇದ್ದಾರೆ. ಭಾರತೀಯ ವಿದೇಶಾಂಗ ಸೇವೆಯ ಮೊದಲ ಮಹಿಳೆ ಕೊಡಗಿನ ಸಿ. ಬಿ. ಮುತ್ತಮ್ಮ. ‘ಅರ್ಹತೆ ಸಾಲದು’ ಎಂಬ ಕಾರಣದಿಂದ ಅವರಿಗೆ ಮೇಲಿನ ದರ್ಜೆಯ ಬಡ್ತಿ ತಪ್ಪಿತು. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1979ರ ತೀರ್ಪು ಬರುವ ಹೊತ್ತಿಗೆ ಸರಕಾರವೇ ಬಡ್ತಿಯಿತ್ತಿತ್ತು. ಆದರೂ ನ್ಯಾಯಾಲಯವು ಆ ಸೇವೆಯ ನಿಯಮಗಳಲ್ಲಿದ್ದ ಭೇದಭಾವವನ್ನು ತೊಡೆಯಬೇಕೆಂದು ಹೇಳಲು ಮರೆಯಲಿಲ್ಲ.

ಕಾರವಾರದಿಂದ ಅಂಕೋಲೆಗೆ ಹೋಗುವಾಗ ಅರಗಾದ ಕದಂಬ ನೌಕಾನೆಲೆಯನ್ನು ದಾಟುವಾಗಲೆಲ್ಲ ನನಗೆ ಇನ್ನೆರಡು ತೀರ್ಪುಗಳು ನೆನಪಾಗುತ್ತವೆ. 2020ರ ಮಾರ್ಚಿನಲ್ಲಿ ನೌಕಾಪಡೆಯ ಮಹಿಳಾ ಅಧಿಕಾರಿಗಳಿಗೂ ಖಾಯಂ ಸೇವೆಯ ಹಾದಿ ತೆರೆಯಿತು. ಮರುವರ್ಷ ಭೂಸೇನೆಯ ಮಹಿಳೆಯರ ಮೊಕದ್ದಮೆಯಲ್ಲಿ ನ್ಯಾಯಾಲಯವು ಗೋಪ್ಯ ವರದಿಗಳನ್ನೇ ಒರೆಗೆ ಹಚ್ಚಿತು. ಹೆಂಗಸರಿಗೆ ಖಾಯಂ ಸೇವೆಯೇ ಇಲ್ಲದ ಕಾಲದಲ್ಲಿ ಆ ವರದಿಗಳನ್ನು ಉದಾಸೀನದಿಂದ ಬರೆಯಲಾಗಿತ್ತು. ಮುಂದೆ ಅವುಗಳಿಂದಲೇ ಅವರ ಯೋಗ್ಯತೆಯನ್ನು ಅಳೆಯಲಾಯಿತು. ಇದು ಪರೋಕ್ಷ ತಾರತಮ್ಯವೆಂದು ನ್ಯಾಯಾಲಯ ಹೇಳಿತು. ಬೈದು ಬರೆಯಬೇಕೆಂದೇ ಇಲ್ಲ. ಅಸಡ್ಡೆಯಿಂದ ಬರೆದರೂ ಸಾಕು, ಬಾಳು ಕೆಡುತ್ತದೆ.

ಹೊಗಳಿಕೆಯೂ ಹಾಗೆಯೇ. ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು, ಬಹಳ ತಡವಾಗಿ ಖಾಯಂ ಆದರು. ಬೀಜಕ್ಕೆ ಯಾವ ಮರ ತಕ್ಕುದು, ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಓದು ಬರಹವಿಲ್ಲದೆಯೇ ಬಲ್ಲವರು. 2021ರಲ್ಲಿ ಬರಿಗಾಲಿನಲ್ಲಿಯೇ ಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕಾಡಿನ ವಿಶ್ವಕೋಶವೆಂದು ಅವರನ್ನು ಕರೆದವರುಂಟು, ಅದು ಸರಿ. ಆದರೆ ‘ವೃಕ್ಷಮಾತೆ’ ಎಂದಾಗ ನನಗೆ ಕಸಿವಿಸಿಯಾಗುತ್ತದೆ. ಇದೇ ವಿದ್ಯೆ ಗಂಡಸಿನಲ್ಲಿದ್ದರೆ ‘ತಜ್ಞ’ನೆನ್ನುತ್ತಿದ್ದೆವು. ಕಲಿತ ವಿದ್ಯೆಗಾದರೆ ಸಂಬಳವುಂಟು, ಬಡ್ತಿಯುಂಟು. ಹುಟ್ಟುಗುಣಕ್ಕೆ ಕೈಮುಗಿದರೆ ತೀರಿತು.

ಷರಾ ಬರೆಯುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬರೆದ ಮೇಲೆ ಹೆಸರನ್ನು ಮುಚ್ಚಿ ಒಮ್ಮೆ ಓದಿರಿ. ಗುಣವಾಚಕದಿಂದಲೇ ಹೆಣ್ಣೋ ಗಂಡೋ ಎಂದು ಗೊತ್ತಾಗುವಂತಿದ್ದರೆ ಆ ಪದವನ್ನು ಹೊಡೆದುಹಾಕಿ, ಮಾಡಿದ ಕೆಲಸವನ್ನು ಬರೆಯಿರಿ. 2008ರ ದೇವ್ ದತ್ ತೀರ್ಪಿನ ಮೇಲೆ ನಾಗರಿಕ ಸೇವೆಯ ನೌಕರರಿಗೆ ಪ್ರತಿಯೊಂದು ಷರಾವನ್ನೂ ತಿಳಿಸಬೇಕಾಗಿದೆ. ನೀವು ಬರೆದುದನ್ನು ಮೊದಲು ಓದುವವಳು ಆಕೆಯೇ ಆಗಿರಬಹುದು.