ಹಣ ಕೊಟ್ಟರೂ ಓಡದ ಡಿಸ್ಕು

2010ರ ಏಪ್ರಿಲ್ 22ರಂದು ಅಮೆರಿಕದ ಅಂಗಡಿಗಳಿಗೆ ‘ಅವತಾರ್’ ಚಿತ್ರದ ಬ್ಲೂ-ರೇ ಡಿಸ್ಕ್ ಬಂತು. ಆಸೆಯಿಂದ ಕೊಂಡು ಮನೆಗೆ ಒಯ್ದವರಲ್ಲಿ ಅನೇಕರಿಗೆ ಅದು ಓಡಲೇ ಇಲ್ಲ. ಡಿಸ್ಕಿನ ಮೇಲೆ ಗೀರಿರಲಿಲ್ಲ, ಪ್ಲೇಯರ್ ಕೆಟ್ಟಿರಲಿಲ್ಲ. ನಕಲು ಮಾಡದಂತೆ ಆ ಡಿಸ್ಕಿಗೆ ಹಾಕಿದ್ದ ಬೀಗ ತೆರೆಯಲು ಬೇಕಾದ ಹೊಸ ಫರ್ಮ್‌ವೇರ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಅವರ ಪ್ಲೇಯರ್‌ಗಳಲ್ಲಿ ಇರಲಿಲ್ಲ.

ವಿಸಿಆರ್ ಕಾಲದಲ್ಲಿ ಇಂಥ ತಾಪತ್ರಯ ಇರಲಿಲ್ಲ. ಆಗಾಗ ಹೆಡ್ ಒರೆಸಿದರೆ ಸಾಕು, ವರ್ಷಗಟ್ಟಲೆ ಯಾವ ಕ್ಯಾಸೆಟ್ ಹಾಕಿದರೂ ಓಡುತ್ತಿತ್ತು. ಬ್ಲೂ-ರೇ ಬಂದದ್ದು ಬೇರೆಯೇ ಲೆಕ್ಕಾಚಾರದಲ್ಲಿ. ಡಿವಿಡಿಯ ಬೀಗ ಒಮ್ಮೆ ಮುರಿದದ್ದೇ ಶಾಶ್ವತವಾಗಿ ಮುರಿದುಹೋಗಿತ್ತು. ಹಾಗಾಗಿ ಈ ಸಲ ಸಿನಿಮಾ ಕಂಪನಿಗಳು ಬದಲಾಯಿಸಬಹುದಾದ ಬೀಗವನ್ನೇ ಕೇಳಿದವು. ಎಎಸಿಎಸ್ ಎಂಬ ವ್ಯವಸ್ಥೆಯಲ್ಲಿ ಯಾವುದಾದರೂ ಕೀಲಿ ಸೋರಿದರೆ, ಮುಂದೆ ಬರುವ ಡಿಸ್ಕುಗಳು ಆ ಕೀಲಿಯನ್ನು ಒಪ್ಪುವುದಿಲ್ಲ. 2007ರಲ್ಲಿ ಹೀಗೇ ಆಯಿತು. ಕಂಪ್ಯೂಟರ್‌ನಲ್ಲಿ ಡಿಸ್ಕ್ ಓಡಿಸುವ ವಿನ್‌ಡಿವಿಡಿ ತಂತ್ರಾಂಶದಿಂದ ಹ್ಯಾಕರ್‌ಗಳು ಕೀಲಿ ತೆಗೆದರು. ಆ ತಂತ್ರಾಂಶವನ್ನು ಪ್ರಾಮಾಣಿಕವಾಗಿ ಬಳಸುತ್ತಿದ್ದವರೂ ಹೊಸ ಆವೃತ್ತಿ ಹಾಕಿಕೊಳ್ಳಬೇಕಾಯಿತು. ಕಳ್ಳತನ ಮಾಡಿದವರು ಯಾರೋ, ದಂಡ ತೆತ್ತವರು ಇನ್ಯಾರೋ.

ಅದೇ ವರ್ಷ ಬಿಡಿ ಪ್ಲಸ್ ಎಂಬ ಎರಡನೇ ಬೀಗವೂ ಬಂತು. ಇದರಲ್ಲಿ ಡಿಸ್ಕಿನೊಳಗೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದು ಪ್ಲೇಯರ್ ಒಳಗೆ ಓಡಿ, ಯಂತ್ರ ನಂಬಿಕಸ್ಥವೇ ಎಂದು ತಪಾಸಣೆ ಮಾಡುತ್ತದೆ. ಅಕ್ಟೋಬರ್‌ನಲ್ಲಿ ‘ಫೆಂಟಾಸ್ಟಿಕ್ ಫೋರ್’ ಸರಣಿಯ ಎರಡನೇ ಚಿತ್ರ ಇದನ್ನು ಹೊತ್ತು ಬಂದಾಗ ಸ್ಯಾಮ್‌ಸಂಗ್, ಎಲ್‌ಜಿಯ ಕೆಲವು ಪ್ಲೇಯರ್‌ಗಳು ತಡವರಿಸಿದವು.

ಪರಿಹಾರ ಕೇಳಿದರೆ ಸುಲಭ: ಅಪ್‌ಡೇಟ್ ಮಾಡಿ. ಮಾಡುವುದು ಹೇಗೆ? ಮೊದಲ ಪ್ಲೇಯರ್‌ಗಳಲ್ಲಿ ಹಲವಕ್ಕೆ ಇಂಟರ್‌ನೆಟ್ ಸಂಪರ್ಕವೇ ಇರಲಿಲ್ಲ. ಕಂಪ್ಯೂಟರ್‌ನಲ್ಲಿ ಫೈಲ್ ಇಳಿಸಿಕೊಂಡು, ಖಾಲಿ ಸಿಡಿಗೆ ಸರಿಯಾದ ವಿಧಾನದಲ್ಲಿ ಬರೆದು, ಅದನ್ನು ಪ್ಲೇಯರ್‌ಗೆ ಹಾಕಬೇಕು. ಮುಗಿಯುವತನಕ ಯಾವ ಗುಂಡಿಯನ್ನೂ ಒತ್ತಬಾರದು. ನಡುವೆ ಕರೆಂಟ್ ಹೋದರೆ ಪ್ಲೇಯರ್ ಪೂರ್ತಿ ಸತ್ತೇಹೋಗುವ ಭಯ ಬೇರೆ. 2006ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಸ್ಯಾಮ್‌ಸಂಗ್ ಬಿಡಿ-ಪಿ1000ಗೆ ಸುಮಾರು ಸಾವಿರ ಡಾಲರ್ ಬೆಲೆ. ಅಷ್ಟು ತೆತ್ತವರನ್ನು ತಂತ್ರಜ್ಞರ ಕೆಲಸಕ್ಕೆ ಹಚ್ಚಿದ್ದು ಖಂಡಿತ ನ್ಯಾಯವಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಅಪ್‌ಡೇಟ್‌ಗೂ ಬಗ್ಗದ ಕೊರತೆಗಳದ್ದು. ಚಿತ್ರದೊಳಗೆ ಇನ್ನೊಂದು ಚಿತ್ರ ತೋರಿಸುವ ‘ಬೋನಸ್ ವ್ಯೂ’ ಸೌಲಭ್ಯಕ್ಕೆ ಎರಡನೇ ಡಿಕೋಡರ್ ಬೇಕಿತ್ತು, ಅಂತರ್ಜಾಲ ಬಳಸುವ ‘ಬಿಡಿ ಲೈವ್‌’ಗೆ ನೆಟ್‌ವರ್ಕ್ ಮತ್ತು ಒಂದು ಗಿಗಾಬೈಟ್ ಜಾಗ. ಹಳೆಯ ಪ್ಲೇಯರ್‌ಗಳಲ್ಲಿ ಇವಿಲ್ಲದಿದ್ದರೆ ಯಾವ ಸಿಡಿ ಹಾಕಿಯೂ ಪ್ರಯೋಜನವಿಲ್ಲ. ಸೋನಿಯ ಪ್ಲೇಸ್ಟೇಷನ್ 3 ಮಾತ್ರ ಎರಡನ್ನೂ ದಕ್ಕಿಸಿಕೊಂಡಿತು: ಮೊದಲನೆಯದು 2007ರ ಡಿಸೆಂಬರ್‌ನಲ್ಲಿ, ಎರಡನೆಯದು 2008ರ ಮಾರ್ಚ್‌ನಲ್ಲಿ. ಅದು ಮೂಲತಃ ಗೇಮ್ ಆಡುವ ಕಂಪ್ಯೂಟರ್. ಶಕ್ತಿಯೂ ನೆಟ್ ಸಂಪರ್ಕವೂ ಹುಟ್ಟಿನಿಂದಲೇ ಇದ್ದವು. ಅದೇ ಹೊತ್ತಿಗೆ ಬ್ಲೂ-ರೇಯ ಎದುರಾಳಿಯೂ ಕಣ್ಮರೆಯಾಯಿತು. ಪ್ರತಿ ಪ್ಲೇಯರ್‌ಗೂ ನೆಟ್‌ವರ್ಕ್ ಕಡ್ಡಾಯ ಮಾಡಿದ್ದ ಎಚ್‌ಡಿ ಡಿವಿಡಿಯನ್ನು ತೋಶಿಬಾ 2008ರ ಫೆಬ್ರುವರಿಯಲ್ಲಿ ಕೈಬಿಟ್ಟಿತು.

ನೆಟ್ ಬಂದ ಮೇಲೆ ಕಾಟ ತಪ್ಪಿತೇ? 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಅನೇಕ ಪ್ಲೇಯರ್‌ಗಳು ಒಮ್ಮೆಗೇ ಪದೇ ಪದೇ ಆಫ್ ಆಗಿ ಆನ್ ಆಗತೊಡಗಿದವು. ನೆಟ್ ಮೂಲಕ ತಾನಾಗಿ ಇಳಿದಿದ್ದ ಒಂದು ಸಣ್ಣ ಫೈಲನ್ನು ಓದಲಾಗದೆ ಅವು ಕುಸಿಯುತ್ತಿದ್ದವು. ಒಂದು ನಿಮಿಷವೂ ನೆಟ್ಟಗೆ ನಿಲ್ಲದ ಯಂತ್ರಕ್ಕೆ ಮನೆಯಲ್ಲಿ ಕೂತು ಅಪ್‌ಡೇಟ್ ಹಾಕುವುದು ಸಾಧ್ಯವಿರಲಿಲ್ಲ. ಮಾಲೀಕರು ಅವನ್ನು ಪೆಟ್ಟಿಗೆಗೆ ತುಂಬಿ ರಿಪೇರಿಗೆ ಕಳಿಸಬೇಕಾಯಿತು.